ಅಘನಾಶಿನಿಯ ಬಳಚಿಗೆ ಮಿತಿ ಹಾಕಿ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ ನಮಸ್ಕಾರಗಳು.

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು, ಅಂದರೆ ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಜೀವಿ, ತೆಗೆಯುವುದಕ್ಕೆ ಮಿತಿ ಹಾಕಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಅಳಿವೆಯ ದಂಡೆಯಲ್ಲೇ ಬದುಕುವವರು ಇಂಥ ಮಾತಾಡಿದರೆ ನೆರೆಹೊರೆಯವರಿಗೇ ಸಿಟ್ಟು ಬರಬಹುದು. ಆದರೂ ಹೇಳಲೇಬೇಕಾಗಿದೆ. ಈಗ ಸ್ವಲ್ಪ ಬಿಡಲು ಒಪ್ಪದಿದ್ದರೆ, ಮುಂದೆ ಪೂರ್ತಿ ಬಿಡಬೇಕಾದೀತು.

ಒಂದೂವರೆ ದಶಕಕ್ಕೂ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಅಳಿವೆಯಲ್ಲಿ ತೆಗೆಯುವ, ಬಳಚೂ ಸೇರಿದಂತೆ ಎಲ್ಲ ಚಿಪ್ಪೆಕಲ್ಲುಗಳ (ಎರಡು ಚಿಪ್ಪಿನ ಜೀವಿಗಳ) ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಬೆಲೆ ಸುಮಾರು 5.78 ಕೋಟಿ ರೂಪಾಯಿ, ದುಡಿಯುವವರು 2,300ಕ್ಕೂ ಹೆಚ್ಚು ಮಂದಿ. ದೊಡ್ಡ ಬೋಟು ಬೇಡ, ಡೀಸೆಲ್ ಬೇಡ, ಸಾಲ ಬೇಡ. ಜಮೀನಿಲ್ಲದ ಹೆಣ್ಣುಮಗಳೂ ಒಂದು ಬುಟ್ಟಿ ಹಿಡಿದು ನೀರಿಗಿಳಿದರೆ ಅಂದಿನ ಕೂಲಿ ಹುಟ್ಟುತ್ತಿತ್ತು. ಇಷ್ಟು ಜನರಿಗೆ ಇಷ್ಟು ಸುಲಭವಾಗಿ ಕೆಲಸ ಕೊಡುವ ಯಾವ ಯೋಜನೆಯೂ ನಮ್ಮ ತಾಲ್ಲೂಕಿಗೆ ಬಂದದ್ದಿಲ್ಲ.

ನೀವೊಮ್ಮೆ ಇಳಿತದ ಹೊತ್ತಿಗೆ ಬಂದು ದಂಡೆಯಲ್ಲಿ ನಿಂತು ನೋಡಬೇಕು. ಮೊಣಕಾಲುದ್ದ ನೀರಿನಲ್ಲಿ ಬಾಗಿದ ಹೆಂಗಸರು ಕೆಸರಿನಲ್ಲಿ ಬೆರಳಾಡಿಸಿ ಬಳಚು ಹೆಕ್ಕುತ್ತಾರೆ. ಬುಟ್ಟಿಯಲ್ಲಿ ಮುಷ್ಟಿ ತುಂಬುವ ಬಳಚು ಅಪರೂಪವಾಗಿ, ಹೆಬ್ಬೆರಳ ಉಗುರಿನಷ್ಟಿರುವವೇ ಹೆಚ್ಚಾಗಿವೆ. ಸಣ್ಣದನ್ನು ವಾಪಸು ನೀರಿಗೆ ಬಿಡುವುದು ಹಿರಿಯರ ಕಾಲದಲ್ಲಿ ರೂಢಿಯಾಗಿತ್ತು. ಈಗ ಯಾರೂ ಬಿಡುವುದಿಲ್ಲ, ಏಕೆಂದರೆ ದಂಡೆಯ ಮೇಲೆ ಕಾದಿರುವ ವ್ಯಾಪಾರಿ ಸಣ್ಣದು ದೊಡ್ಡದೆನ್ನದೆ ಎಲ್ಲವನ್ನೂ ಚೀಲಕ್ಕೆ ಸುರಿದುಕೊಳ್ಳುತ್ತಾನೆ. ಒಬ್ಬಳು ಬಿಟ್ಟರೆ ಪಕ್ಕದವಳು ಹೆಕ್ಕುತ್ತಾಳೆ. ಇದು ದುರಾಸೆಯಲ್ಲ, ನಿಯಮವೇ ಇಲ್ಲದ ಕಡೆ ಬಡವರಿಗೆ ಬೇರೆ ದಾರಿಯಿಲ್ಲ.

ಬಳಚು ಮೀನಿನಂತೆ ಜೋಡಿ ಹುಡುಕಿಕೊಂಡು ಈಜಲಾರದು. ಗಂಡೂ ಹೆಣ್ಣೂ ತಾವಿರುವಲ್ಲೇ ವೀರ್ಯ, ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಅವು ನೀರಿನಲ್ಲೇ ಕೂಡಬೇಕು. ಒತ್ತೊತ್ತಾಗಿದ್ದರೆ ಮಾತ್ರ ಕೂಡುವುದು ಸುಲಭ. ಅಲ್ಲೊಂದು ಇಲ್ಲೊಂದು ಉಳಿದರೆ ನೀರಿಗೆ ಬಿಟ್ಟದ್ದು ನೀರು ಪಾಲು. ಆದ್ದರಿಂದ ‘ಇನ್ನೂ ಒಂದಿಷ್ಟು ಉಳಿದಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ನ್ಯೂಜಿಲೆಂಡ್ ದೇಶಕ್ಕೆ ಇದರ ಬಿಸಿ ತಟ್ಟಿದೆ. ಅಲ್ಲಿ ಸ್ಕ್ಯಾಲಪ್ ಎಂಬ ಬೀಸಣಿಗೆಯಾಕಾರದ ಚಿಪ್ಪುಜೀವಿಗೆ ಭಾರೀ ಬೇಡಿಕೆ. ಹಿಡಿಯಲು ಕೋಟಾ ಇತ್ತು, ಇಲಾಖೆ ಇತ್ತು, ವಿಜ್ಞಾನಿಗಳೂ ಇದ್ದರು. ಆದರೂ ಸಂತತಿ ಕುಸಿದು 2022ರ ಏಪ್ರಿಲ್‌ನಲ್ಲಿ ನಾರ್ತ್‌ಲ್ಯಾಂಡ್ ಮತ್ತು ಕೊರೊಮಂಡಲ್ ಕರಾವಳಿಯ ಬಹುಭಾಗದಲ್ಲಿ ಸ್ಕ್ಯಾಲಪ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ತೆರೆದಿಟ್ಟಿದ್ದ ಎರಡು ಜಾಗಗಳಿಗೂ ಅದೇ ಡಿಸೆಂಬರ್‌ನಲ್ಲಿ ಬೀಗ ಬಿತ್ತು. ಕೋಟಾವನ್ನು ಸಕಾಲದಲ್ಲಿ ಸಾಕಷ್ಟು ಇಳಿಸದೆ ಕೊನೆಗೆ ಹಿಡಿಯುವುದೇ ನಿಂತುಹೋಯಿತು.

ಅಷ್ಟು ದೂರ ಹೋಗುವುದೂ ಬೇಡ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಹೊರದೇಶಗಳ ಬೇಡಿಕೆಯಿಂದ ಚಿಪ್ಪು ತೆಗೆಯುವುದು ಏರುತ್ತ ಹೋಗಿ, 1993ರ ಹೊತ್ತಿಗೆ ಇಳುವರಿ ಅರ್ಧಕ್ಕೆ ಬಿದ್ದಿತ್ತು. ಅಲ್ಲಿಯವರು ಎಚ್ಚೆತ್ತರು. ಮರಿ ಮಾಡುವ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ನಿಷೇಧ, ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಕಡಿಮೆ ಇರಕೂಡದು, ರಫ್ತಾಗುವ ಮಾಂಸದಲ್ಲಿ ಕಿಲೋಗೆ 1,400ಕ್ಕಿಂತ ಹೆಚ್ಚು ತುಣುಕು (ಒಂದು ಜೀವಿಗೆ ಒಂದು ತುಣುಕು) ಇರಕೂಡದು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು: ಸಣ್ಣದಕ್ಕೆ ಮಾರುಕಟ್ಟೆಯೇ ಇಲ್ಲದಂತೆ ಮಾಡಿದರೆ ಅದನ್ನು ಹೆಕ್ಕುವವರು ಯಾರು? 2014ರಲ್ಲಿ ಅಷ್ಟಮುಡಿಗೆ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲೇ ಮೊದಲನೆಯದು.

ನಮ್ಮಲ್ಲಿ ಜೂನ್, ಜುಲೈ ತಿಂಗಳ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ. ಕೈಯಿಂದ ಹೆಕ್ಕುವ ಬಳಚಿಗೆ ಅದು ಅನ್ವಯಿಸುವುದಿಲ್ಲ. 2024ರಲ್ಲಿ ಅಘನಾಶಿನಿಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ, ಬಂದಾಗ ಎಲ್ಲರೂ ಸಂಭ್ರಮಿಸಿದೆವು. ಆ ಪಟ್ಟದಿಂದಲೇ ಬಳಚು ಉಳಿಯುವುದಿಲ್ಲ, ಸ್ವಾಮಿ.

ಮಿತಿಯ ಭಾರ ಮೊದಲು ಬೀಳಬೇಕಾದದ್ದು ಬುಟ್ಟಿಯ ಮೇಲಲ್ಲ, ಲಾರಿಯ ಮೇಲೆ. ಗೋವಾಕ್ಕೂ ಇತರೆಡೆಗೂ ಹೊರಡುವ ಲೋಡಿಗೆ ಮಿತಿ ಗೊತ್ತುಪಡಿಸಿ. ನಿಗದಿತ ಅಳತೆಗಿಂತ ಸಣ್ಣದನ್ನು ಕೊಂಡವನಿಗೆ ದಂಡ ಹಾಕಿ, ಹೆಕ್ಕಿದವಳಿಗಲ್ಲ. ಮನೆಯ ಸಾರಿಗೆಂದು ತೆಗೆಯುವವರ ತಂಟೆಗೆ ಯಾವ ಅಧಿಕಾರಿಯೂ ಹೋಗಬಾರದು. ಮರಿ ಮಾಡುವ ತಿಂಗಳುಗಳಲ್ಲಿ ನಿಲ್ಲಿಸುವುದಾದರೆ ಆ ತಿಂಗಳುಗಳ ಗಂಜಿಗೆ ಸರ್ಕಾರ ಹೊಣೆ ಹೊರಬೇಕು. ಹೊಟ್ಟೆಗೆ ದಾರಿ ಮಾಡದೆ ನಿಷೇಧ ಹೇರಿದರೆ ರಾತ್ರಿ ಹೊತ್ತು ತೆಗೆಯುತ್ತಾರೆ, ಅಷ್ಟೇ. ಅಷ್ಟಮುಡಿಯ ತಿಂಗಳುಗಳನ್ನೇ ಇಲ್ಲಿ ನಕಲು ಮಾಡುವುದೂ ಬೇಡ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರದ ವಿಜ್ಞಾನಿಗಳು ನಮ್ಮ ಬಳಚಿನ ದಿಬ್ಬಗಳನ್ನು ಅಳೆದು ಹೇಳಲಿ. ಅಳಿವೆಯ ತಳವನ್ನೇ ಕೆದಕುವ ಮರಳುಗಾರಿಕೆಗೂ ಅದೇ ಕಟ್ಟುನಿಟ್ಟು ಇರಲಿ, ಇಲ್ಲದಿದ್ದರೆ ಬಳಚು ಹೆಕ್ಕುವವರಿಗೆ ಮಾತ್ರ ಶಿಕ್ಷೆ ಕೊಟ್ಟಂತಾಗುತ್ತದೆ.

ಈ ನಿಯಮಗಳನ್ನು ಬೆಂಗಳೂರಿನಲ್ಲಿ ಕುಳಿತು ಬರೆಯಬೇಡಿ ಎಂಬುದು ನನ್ನ ವಿನಂತಿ. ತದಡಿಯಲ್ಲೋ ಮಿರ್ಜಾನಿನಲ್ಲೋ ಒಂದು ಸಭೆ ಕರೆಯಿರಿ. ನೀರಿಗಿಳಿಯುವ ಹೆಂಗಸರು ಮುಂದಿನ ಸಾಲಿನಲ್ಲಿ ಕುಳಿತಿರಲಿ, ವ್ಯಾಪಾರಿಗಳೂ ಬರಲಿ. ಇಳಿತದ ವೇಳೆ ತಪ್ಪಿಸಿ ಸಭೆಯ ಹೊತ್ತು ಗೊತ್ತುಮಾಡಿ. ಆಗ ಯಾರ ದುಡಿಮೆಯೂ ತಪ್ಪುವುದಿಲ್ಲ.

ಇತಿ,
ಅಘನಾಶಿನಿ ದಂಡೆಯ ನಿವಾಸಿ,
ಕುಮಟಾ ತಾಲ್ಲೂಕು