ಭಾನುವಾರದ ಓದು: ಯೋನ 3 ಮತ್ತು 4

ಎಲ್ಲರ ಗಮನಕ್ಕೆ. ಬೈಬಲ್ಲಿನ ಯೋನನ ಪುಸ್ತಕ 4 ಅಧ್ಯಾಯ, 48 ವಚನ. ಒಂದೇ ಸಲ ಕೂತು ಪೂರ್ತಿ ಓದಿಕೊಂಡು ಬನ್ನಿ. ಯೋನನನ್ನು ನುಂಗಿದ ಮೀನಿನ ಪ್ರಸ್ತಾಪ ಬರೋದು ಮೂರೇ ವಚನಗಳಲ್ಲಿ, ಚರ್ಚೆ ಮಾತ್ರ ಪ್ರತಿ ಸಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಈ ವಾರ ಅದನ್ನು ಬಿಡೋಣ.

3:4 ನಿಧಾನವಾಗಿ ಓದಿ. ಪ್ರವಾದಿ ಯೋನ ಅಶ್ಶೂರದ ಪಟ್ಟಣ ನಿನೆವೆಗೆ ಸಾರಿದ್ದು ಹೀಬ್ರೂವಿನಲ್ಲಿ ಐದೇ ಪದ: "ಓದ್ ಅರ್ಬಾಯೀಮ್ ಯೋಮ್ ವೆನಿನೆವೇ ನೆಹ್ಪಾಖೆತ್." ಇನ್ನು 40 ದಿನ, ನಿನೆವೆ ಬುಡಮೇಲು. ಕೊನೆಯ ಪದದ ಧಾತು 'ಹಾಫಖ್', ಅಂದರೆ ತಿರುವಿಹಾಕು. ಆದಿಕಾಂಡ 19:25ರಲ್ಲಿ ಸೊದೋಮಿನ ನಾಶಕ್ಕೂ ಇದೇ ಕ್ರಿಯಾಪದ. ಹೋಶೇಯ 11:8ರಲ್ಲಿ ದೇವರ ಹೃದಯವೇ ಮರುಕದಿಂದ ಹೊರಳುತ್ತದಲ್ಲ, ಅಲ್ಲೂ ಇದೇ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರು ಉರುಳಬಹುದು, ಮನಸ್ಸೂ ಹೊರಳಬಹುದು. ಪದ ಎರಡಕ್ಕೂ ಒದಗುತ್ತದೆ.

ನಿನೆವೆಯ ಜನ ಕೆಟ್ಟದ್ದನ್ನು ಬಿಟ್ಟು ತಿರುಗಿಕೊಂಡರು, ಊರು ಆಗ ಉಳಿಯಿತು. ಹಾಗಾಗಿ ಪ್ರವಾದನೆಯನ್ನು, ಅಂದರೆ ದೇವರ ಪರವಾಗಿ ಸಾರಿದ ಮಾತನ್ನು, ಭವಿಷ್ಯವಾಣಿಯ ಹಾಗೆ ಓದಿದರೆ ಯೋನ ಹೇಳಿದ್ದು ಸುಳ್ಳಾಯಿತು ಅನ್ನಿಸುತ್ತದೆ. ಅದಕ್ಕೇ ಯೆರೆಮೀಯ 18:7-8 ಜೊತೆಗಿರಲಿ: ಎಚ್ಚರಿಕೆ ಕೇಳಿದ ಜನಾಂಗ ತಿರುಗಿಕೊಂಡರೆ ದಂಡನೆಯೂ ನಿಲ್ಲುತ್ತದೆ.

ಸಮಯ ಸಿಕ್ಕರೆ ನಹೂಮನ ಪುಸ್ತಕದ ಮೂರೂ ಅಧ್ಯಾಯ ಓದಿ. ಅದೇ ನಿನೆವೆ, ಆದರೆ ಅಲ್ಲಿ ಕರುಣೆಯ ಮಾತು ತೀರಾ ಕಮ್ಮಿ, ಕ್ರಿ.ಪೂ. 612ರಲ್ಲಿ ಪಟ್ಟಣ ಬಿದ್ದೇಹೋಯಿತು. ವಿಚಿತ್ರ ಅಂದರೆ ಎರಡೂ ಪುಸ್ತಕಗಳು ಮುಗಿಯೋದು ಪ್ರಶ್ನೆಯಲ್ಲೇ. ಯೋನ 4:11ರ ಪ್ರಶ್ನೆಯಲ್ಲಿ 1,20,000ಕ್ಕೂ ಹೆಚ್ಚು ಜನರ ಜೊತೆ ದನಕರುಗಳೂ ಲೆಕ್ಕಕ್ಕಿವೆ. ಆ ದನಕರು ಯಾಕೆ ಬಂದವು ಅಂತ 3:7-8 ನೋಡಿ ಯೋಚಿಸಿಕೊಂಡು ಬನ್ನಿ.