‘ತಿಳಿಸಬೇಕಿತ್ತು’ ಬೇರೆ, ‘ತಿಳಿಸಬೇಕಾಯಿತು’ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಬಂದ ಇಂಗ್ಲಿಷ್ ಪಾಠ ಓದಿದೆ. ಆಗಿಹೋದದ್ದಕ್ಕೆ ಪಶ್ಚಾತ್ತಾಪ ಹೇಳಬೇಕಾದಾಗ ‘ಶುಡ್ ಹ್ಯಾವ್’, ‘ಕುಡ್ ಹ್ಯಾವ್’, ‘ವುಡ್ ಹ್ಯಾವ್’ ಮೂರರಲ್ಲಿ ಯಾವುದನ್ನಾದರೂ ಬಳಸಿ ಎಂದು ಬರೆದು, ಕೆಳಗೊಂದು ಕೋಷ್ಟಕ ಹಾಕಿ ಮುಗಿಸಿಬಿಟ್ಟಿದ್ದಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಈಗಲೂ ಸಂಜೆ ಹೊತ್ತು ನರ್ಸಿಂಗ್, ಡಿಪ್ಲೊಮಾ ಓದುವ ಮಕ್ಕಳು ಮನೆಗೆ ಬರುತ್ತಾರೆ. ಅವರಲ್ಲೊಬ್ಬ ಆ ಕೋಷ್ಟಕವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಬಂದ. ಆದ್ದರಿಂದ ಈ ಪತ್ರ.

ಮೂರೂ ಒಂದೇ ಅಲ್ಲ. ‘ಐ ಶುಡ್ ಹ್ಯಾವ್ ಟೋಲ್ಡ್ ಹರ್’ ಅಂದರೆ ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದು. ‘ಐ ಕುಡ್ ಹ್ಯಾವ್ ಟೋಲ್ಡ್ ಹರ್’ ಅಂದರೆ ಹೇಳಬಹುದಿತ್ತು, ಅವಕಾಶ ಇತ್ತು, ಹೇಳಲಿಲ್ಲ. ಅದರಲ್ಲಿ ಪಶ್ಚಾತ್ತಾಪ ಇದ್ದೀತು, ಇಲ್ಲದೆಯೂ ಇದ್ದೀತು. ಇನ್ನು ‘ವುಡ್ ಹ್ಯಾವ್’ ತಾನಾಗಿಯೇ ಪಶ್ಚಾತ್ತಾಪ ಹೇಳುವುದಿಲ್ಲ. ‘ಗೊತ್ತಿದ್ದರೆ’ ಎಂಬ ಮಾತು ಮುಂದೆಯೋ ಹಿಂದೆಯೋ ಇರಬೇಕು, ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಾದರೂ. ‘ಗೊತ್ತಿದ್ದರೆ ಹೇಳ್ತಿದ್ದೆ’ ಅನ್ನುವವರಲ್ಲಿ ಎಷ್ಟು ಜನ ನಿಜವಾಗಿ ನೊಂದುಕೊಂಡವರು, ಎಷ್ಟು ಜನ ಜಾರಿಕೊಳ್ಳುವವರು ಎಂಬುದು ಸರ್ಕಾರಿ ಕಚೇರಿಗೆ ಅಲೆದವರಿಗೆ ಗೊತ್ತು.

ನನ್ನ ತಕರಾರು ಅಷ್ಟಕ್ಕೇ ಅಲ್ಲ. ಇದನ್ನು ಕಲಿಸಲು ಕೋಷ್ಟಕವೇ ಬೇಡ. ಮಗು ಮನೆಯಲ್ಲಿ ಆಡುವ ಕನ್ನಡದಲ್ಲೇ ಮುಕ್ಕಾಲು ಪಾಠ ಇದೆ. ಅದನ್ನು ಮುಟ್ಟದೆ ನೇರವಾಗಿ ಸೂತ್ರಕ್ಕೆ ಕೈಹಾಕುತ್ತೇವೆ, ಎಡವಟ್ಟು ಅಲ್ಲೇ ಆಗುವುದು.

ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿದಳು. ರಾತ್ರಿ ಪಾಳಿಯಲ್ಲಿ ರೋಗಿಯೊಬ್ಬರಿಗೆ ಜ್ವರ ಏರಿದ್ದನ್ನು ಡ್ಯೂಟಿ ಡಾಕ್ಟರಿಗೆ ತಿಳಿಸುವುದು ತಡವಾಯಿತು. ಬೆಳಿಗ್ಗೆ ವಿವರಣೆ ಕೇಳಿದರು. ಅವಳು ಬರೆದುಕೊಟ್ಟದ್ದು: ‘ಐ ಹ್ಯಾಡ್ ಟು ಇನ್ಫಾರ್ಮ್ ದಿ ಡಾಕ್ಟರ್ ಅಟ್ ಟೂ.’ ಮನಸ್ಸಿನಲ್ಲಿದ್ದದ್ದು, ‘ಎರಡು ಗಂಟೆಗೇ ಡಾಕ್ಟರಿಗೆ ತಿಳಿಸಬೇಕಿತ್ತು.’ ಓದಿದ ಮೇಲ್ವಿಚಾರಕಿಗೆ ಕನ್ನಡ ಬಾರದು. ಎರಡು ಗಂಟೆಗೆ ತಿಳಿಸಬೇಕಾಗಿ ಬಂತು, ತಿಳಿಸಿದ್ದಾಳೆ ಎಂದೇ ಅವರು ಓದಿಕೊಂಡರು. ಇಂಗ್ಲಿಷ್ ಪ್ರಕಾರ ಅವರು ಓದಿದ್ದೇ ಸರಿ. ಡಾಕ್ಟರು ‘ನನಗೆ ಯಾರೂ ಹೇಳಿಲ್ಲ’ ಅಂದರು. ತಪ್ಪೊಪ್ಪಿಕೊಳ್ಳಲು ಹೊರಟ ಹುಡುಗಿ ಸುಳ್ಳು ಬರೆದವಳಾದಳು. ‘ಮೇಡಂ, ನಾನು ಸಾರಿ ಅಂತಾನೇ ಬರೆದದ್ದು’ ಎಂದು ಫೋನಿನಲ್ಲಿ ಅತ್ತಳು. ‘ಐ ಶುಡ್ ಹ್ಯಾವ್ ಇನ್ಫಾರ್ಮ್ಡ್’ ಎಂದು ತಿದ್ದಿ ಇನ್ನೊಮ್ಮೆ ಬರೆದುಕೊಟ್ಟ ಮೇಲೆ ಗೊಂದಲ ತಿಳಿಯಾಯಿತು.

ಇದೇ ಹುಡುಗಿ ಕನ್ನಡದಲ್ಲಿ ಬರೆದಿದ್ದರೆ? ‘ತಿಳಿಸಬೇಕಿತ್ತು’ ಎಂದು ಬರೆಯುವ ಕಡೆ ‘ತಿಳಿಸಬೇಕಾಯಿತು’ ಎಂದು ಕನಸಿನಲ್ಲೂ ಬರೆಯುತ್ತಿರಲಿಲ್ಲ. ‘ಮದುವೆಗೆ ಹೋಗಬೇಕಿತ್ತು’ ಅಂದರೆ ಸಾಮಾನ್ಯವಾಗಿ ಹೋಗಲಿಲ್ಲ. ‘ಮದುವೆಗೆ ಹೋಗಬೇಕಾಯಿತು’ ಅಂದರೆ ಇಷ್ಟವೋ ಕಷ್ಟವೋ, ಹೋಗಿ ಉಂಡು ಬಂದೆ. ಒಂದು ಕಡೆ ‘ಇತ್ತು’, ಇನ್ನೊಂದು ಕಡೆ ‘ಆಯಿತು’, ಇಷ್ಟೇ ವ್ಯತ್ಯಾಸ. ಮೂರನೇ ತರಗತಿಯ ಮಗುವೂ ಇದರಲ್ಲಿ ತಪ್ಪುವುದಿಲ್ಲ. ಇಂಗ್ಲಿಷಿನ ‘ಹ್ಯಾಡ್ ಟು’ ನಮ್ಮ ‘ಬೇಕಾಯಿತು’, ‘ಶುಡ್ ಹ್ಯಾವ್’ ನಮ್ಮ ‘ಬೇಕಿತ್ತು’ ಎಂದು ಒಂದು ದಿನ ಕೂತು ಹೇಳಿಕೊಟ್ಟರೆ ಸಾಕು. ಆದರೆ ತರಗತಿಯಲ್ಲಿ ‘ಬೇಕು’ ಅಂದರೆ ‘ಮಸ್ಟ್’, ಅದರ ಭೂತಕಾಲ ‘ಹ್ಯಾಡ್ ಟು’ ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತೇವೆ.

‘ಮಸ್ಟ್’ ತರುವ ಫಜೀತಿ ಇನ್ನೊಂದು. ‘ನಿನ್ನೆ ಬರಬೇಕಿತ್ತು’ ಅನ್ನಲು ಮಕ್ಕಳು ‘ಐ ಮಸ್ಟ್ ಹ್ಯಾವ್ ಕಮ್ ಯೆಸ್ಟರ್‌ಡೇ’ ಅನ್ನುತ್ತಾರೆ. ಅದರ ಅರ್ಥ ‘ನಾನು ನಿನ್ನೆ ಬಂದಿರಬೇಕು’, ಕುಡಿದು ಮರೆತವರು ಆಡುವ ಮಾತು! ಕನ್ನಡದಲ್ಲಿ ‘ಬಂದಿರಬೇಕು’, ‘ಬರಬೇಕಿತ್ತು’ ಎರಡರಲ್ಲೂ ‘ಬೇಕು’ ಇದೆ. ಒಂದರಲ್ಲಿ ಭೂತಕಾಲ ‘ಬರು’ವಿನ ಮೇಲೆ ಕೂತಿದೆ, ಇನ್ನೊಂದರಲ್ಲಿ ‘ಬೇಕು’ವಿನ ಮೇಲೆ. ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲ. ‘ಮಸ್ಟ್’ಗೆ ಭೂತರೂಪವೇ ಇಲ್ಲ. ‘ಶುಡ್’ ಒಂದು ಕಾಲಕ್ಕೆ ‘ಶಲ್’ನ ಭೂತರೂಪವಾಗಿತ್ತು, ಇವತ್ತು ಆ ಅರ್ಥ ಸವೆದುಹೋಗಿದೆ. ಹಾಗಾಗಿ ಕಾಲದ ಹೊರೆಯನ್ನು ಪಕ್ಕದ ಕ್ರಿಯಾಪದದ ತಲೆಗೆ ಹೊರಿಸಿ ‘ಹ್ಯಾವ್ ಇನ್ಫಾರ್ಮ್ಡ್’, ‘ಹ್ಯಾವ್ ಗಾನ್’ ಎಂದು ಹೇಳಬೇಕಾಗುತ್ತದೆ. ಈ ಕಾರಣ ತಿಳಿಯದ ಮಗು ‘ಶುಡ್ ಹ್ಯಾಡ್’, ‘ಶುಡ್ ವೆಂಟ್’ ಎಂದೆಲ್ಲ ಬರೆದರೆ ನಗುವುದೇಕೆ? ಇಂಗ್ಲಿಷ್ ತಾಯ್ನುಡಿಯವರೇ ‘ಶುಡ್‌ವ್’ ಎಂಬ ಉಚ್ಚಾರಣೆ ಕೇಳಿ ಕೇಳಿ ‘ಶುಡ್ ಆಫ್’ ಎಂದು ಬರೆಯುತ್ತಾರೆ. ಅಲ್ಲಿನ ಮೇಷ್ಟ್ರುಗಳಿಗೂ ಕೆಂಪು ಪೆನ್ನಿನ ಖರ್ಚು ಇದ್ದೇ ಇದೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆಗೆ 80 ಅಂಕದ ಲಿಖಿತ ಪರೀಕ್ಷೆ. ಅದರಲ್ಲಿ ‘ಇಫ್’ ವಾಕ್ಯ ಬಂದರೆ ಸಾಮಾನ್ಯವಾಗಿ ಒಂದು ಅಂಕದ ಬಹು ಆಯ್ಕೆ ಪ್ರಶ್ನೆಯಾಗಿ. ಮೊದಲರ್ಧದಲ್ಲಿ ‘ಹ್ಯಾಡ್’ ಕಂಡರೆ ಎರಡನೆಯದಕ್ಕೆ ‘ವುಡ್ ಹ್ಯಾವ್’ಗೆ ಗುರುತು ಹಾಕು ಎಂದು ಟ್ಯೂಷನ್ನಿನಲ್ಲಿ ಹೇಳಿಕೊಡುತ್ತಾರೆ, ಅಂಕವೂ ಬರುತ್ತದೆ. ಅದೇ ಹುಡುಗನಿಗೆ ‘ಓದಿದ್ದರೆ ಪಾಸಾಗ್ತಿದ್ದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ‘ಐ ವಾಸ್ ಪಾಸಿಂಗ್’ ಅನ್ನುತ್ತಾನೆ. ‘ದಿನಾ ಹೋಗ್ತಿದ್ದೆ’ ಅನ್ನುವಾಗಿನ ‘ತಿದ್ದೆ’ಯೇ ಇಲ್ಲೂ ಇರುವುದರಿಂದ ಅವನಿಗೆ ಹಾಗೆ ತೋಚುತ್ತದೆ. ಆ ಎಳೆ ಹಿಡಿದು ಬಿಡಿಸುವ ಪುರುಸೊತ್ತು ಯಾರಿಗೂ ಇಲ್ಲ.

ನಿಮ್ಮ ಅಂಕಣಕಾರರು ಮುಟ್ಟದೇ ಬಿಟ್ಟದ್ದು ಇನ್ನೊಂದಿದೆ. ‘ಐ’ ಇದ್ದ ಕಡೆ ‘ಯೂ’ ಇಟ್ಟರೆ ಪಶ್ಚಾತ್ತಾಪ ಆಪಾದನೆಯಾಗುತ್ತದೆ. ‘ಯೂ ಶುಡ್ ಹ್ಯಾವ್ ಟೋಲ್ಡ್ ಮಿ’ ಎಂದು ಮೇಲಧಿಕಾರಿಗೆ ಮಿಂಚಂಚೆ ಬರೆದ ನಮ್ಮ ಹುಡುಗರು ‘ಏನಪ್ಪಾ, ನನಗೇ ಬೈತೀಯಾ’ ಅನ್ನಿಸಿಕೊಂಡಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು ‘ಒಂದು ಮಾತು ಹೇಳಬಾರದಿತ್ತಾ ಸಾರ್’ ಎಂಬ ಸಲಿಗೆಯ ಮಾತು. ನೆಂಟರು ಬಸ್‌ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದಾಗ ನಾವು ಬಾಗಿಲಲ್ಲೇ ಆಡುವ ಮಾತದು. ಅದರಲ್ಲಿ ಬೈಗುಳ ಎಲ್ಲಿದೆ? ಅಂಥ ಕಡೆ ‘ಐ ವಿಶ್ ಐ ಹ್ಯಾಡ್ ನೋನ್’ ಎಂದು ಬರೆಯಲು ಕಲಿಸಬೇಕು. ಯಾರನ್ನೂ ಬೆರಳು ಮಾಡಿ ತೋರಿಸದೆ ಹೇಳಬೇಕಾದದ್ದು ಮುಟ್ಟುತ್ತದೆ.

ಅಂಕಣ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಹಳ್ಳಿ ಶಾಲೆಯ ಮಕ್ಕಳಿಗೆ ಗ್ರಂಥಾಲಯಕ್ಕೆ ಬರುವ ಪತ್ರಿಕೆಯೇ ಎಷ್ಟೋ ಕಡೆ ಎರಡನೇ ಮೇಷ್ಟ್ರು. ಕೋಷ್ಟಕದ ಬದಲು ನಾಲ್ಕು ಸನ್ನಿವೇಶ ಕೊಡಿ. ಪ್ರತಿಯೊಂದರಲ್ಲೂ ಕೆಲಸ ಆಯಿತೋ ಇಲ್ಲವೋ ಎಂದು ಮೊದಲು ಕನ್ನಡದಲ್ಲಿ ಕೇಳಿ, ಆಮೇಲೆ ಇಂಗ್ಲಿಷಿಗೆ ಹೋಗಿ. ಪ್ರಶ್ನೆಪತ್ರಿಕೆ ತಯಾರಿಸುವವರೂ ಬಹು ಆಯ್ಕೆಯ ಜಾಗದಲ್ಲಿ ಅಂಥದ್ದೊಂದು ಸನ್ನಿವೇಶ ಇಡಬಹುದು.

ಮುಂದಿನ ವಾರ ‘ನೀಡ್ ನಾಟ್ ಹ್ಯಾವ್’ ಬರಲಿದೆ ಎಂದು ಅಂಕಣದ ಕೊನೆಯಲ್ಲಿ ಪ್ರಕಟಿಸಿದ್ದೀರಿ. ಅಲ್ಲಿ ಸ್ವಲ್ಪ ಎಚ್ಚರ ಬೇಕು, ಕನ್ನಡ ಅಲ್ಲಿ ಅಷ್ಟಾಗಿ ಕೈ ಹಿಡಿಯುವುದಿಲ್ಲ. ‘ಹಣ್ಣು ತರಬೇಕಾಗಿರಲಿಲ್ಲ’ ಅಂದರೆ ತಂದವರಿಗೂ ಸಲ್ಲುತ್ತದೆ, ತರದವರಿಗೂ ಸಲ್ಲುತ್ತದೆ. ‘ಯೂ ನೀಡ್ ನಾಟ್ ಹ್ಯಾವ್ ಬ್ರಾಟ್’ ಮಾತ್ರ ತಂದವರಿಗೇ ಹೇಳುವುದು.

— ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಅರಸೀಕೆರೆ