ಪುಸ್ತಕದ ಜೊತೆ ನೀನೂ ಬಾ: ದಾವಣಗೆರೆಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ಮೆಸೇಜು ನೋಡಿದೆ. ಪಿ.ಜೆ. ಬಡಾವಣೆಯ ಮನೆ ಬಾಡಿಗೆಗೆ ಕೊಡೋ ಮೊದಲು ಅಪ್ಪಾಜಿಯ ಎರಡು ಬೀರು ಪುಸ್ತಕ ಖಾಲಿ ಆಗಬೇಕು, ಗುಜರಿಗೆ ಹಾಕಲೋ ಲೈಬ್ರರಿಗೆ ಕೊಡಲೋ, "ಅಲ್ಲಿಗೆ ಈಗ ಯಾರಾದ್ರೂ ಹೋಗ್ತಾರೇನೋ?" ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೇ ಪತ್ರ. ಎಲ್ಲರಿಗೂ ಕಾಣೋ ಹಂಗೇ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡ. ನಮ್ಮ ಬ್ಯಾಚಿನ ಸುಮಾರು ಜನರ ಮನೆಯಲ್ಲಿ ಇಂಥ ಬೀರುಗಳಿವೆ, ಅವರೂ ಓದಲಿ.

ಮೊದಲು ಒಂದು ಲೆಕ್ಕ. ಆ ಮನೆಗೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡು. ಆಸ್ತಿ ತೆರಿಗೆಯ ಕೆಳಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪರಿಹಾರ ಅಂತ ಉಪಕರಗಳ ಸಾಲು ಇರ್ತದೆ. ಗ್ರಂಥಾಲಯದ್ದು ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಮನೆ ಇರೋ ಪ್ರತಿಯೊಬ್ಬರೂ ಈ ಕರ ಕಟ್ಟಿಕೊಂಡೇ ಬಂದಿದ್ದಾರೆ. ಅಂದ್ರೆ ನೀನು ಬೆಂಗಳೂರಿನಲ್ಲಿ ಕೂತೇ ವರ್ಷಾವರ್ಷ ಇಲ್ಲಿಯ ಲೈಬ್ರರಿಗೆ ದುಡ್ಡು ಕೊಡ್ತಿದ್ದೀಯ. ಹಂಗಾಗಿ "ಯಾರು ಹೋಗ್ತಾರೆ" ಅಂತ ಕೇಳೋ ಹಕ್ಕು ನಿನಗೆ ಇದ್ದೇ ಇದೆ. ಕೇಳಿದ್ದೀಯ, ಉತ್ತರ ಕೇಳು.

ಬಾಗಿಲು ತೆಗೆಯೋ ಹೊತ್ತಿಗಾಗಲೇ ಮೆಟ್ಟಿಲ ಮೇಲೆ ಜನ ಕೂತಿರ್ತಾರೆ. ಪೇಪರ್ ಓದೋ ಅಜ್ಜಂದಿರು ನಮ್ಮ ಕಾಲದಲ್ಲಿ ಇದ್ದಂಗೇ ಇದ್ದಾರೆ, ಮುಖ ಮಾತ್ರ ಬೇರೆ. ‘ಜನತಾವಾಣಿ’ಗೆ ಮೊದಲ ಅರ್ಧ ಗಂಟೆ ಈಗಲೂ ಕಿತ್ತಾಟ. ಕೊನೆಗೆ ಹಾಳೆ ಬಿಡಿಸಿ ಒಬ್ಬರು ಒಳಪುಟ, ಒಬ್ಬರು ಹೊರಪುಟ ಹಂಚಿಕೊಳ್ತಾರೆ. ನಿಧನ ವಾರ್ತೆ ಮೊದಲು, ರಾಜಕೀಯ ಆಮೇಲೆ. ಹತ್ತಿ ಮಿಲ್ಲಿನಲ್ಲಿ ದುಡಿದು, ಮಿಲ್ ಮುಚ್ಚಿದ ಮೇಲೆ ಎಲ್ಲೆಲ್ಲೋ ವಾಚ್‌ಮನ್ ಆಗಿದ್ದೋರು ಒಬ್ಬರು ಬರ್ತಾರೆ. ಹತ್ತಿ ಧಾರಣೆ ನೋಡದೆ ಅವರು ಪೇಪರ್ ಕೆಳಗಿಡಲ್ಲ. ಯಾಕಜ್ಜ ಅಂದ್ರೆ "ಸುಮ್ನೆ" ಅಂತಾರೆ.

ಆದರೆ ಹಾಲ್ ತುಂಬಿರೋದು ಅಜ್ಜಂದಿರಿಂದ ಅಲ್ಲ. ಜಗಳೂರು, ನ್ಯಾಮತಿ, ಚನ್ನಗಿರಿ ಕಡೆಯಿಂದ ಬಂದು ರೂಮ್ ಮಾಡಿಕೊಂಡಿರೋ ಹುಡುಗ ಹುಡುಗಿಯರು. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋರು. ಬೆಳಿಗ್ಗೆ ಬಂದು ಫ್ಯಾನ್ ಕೆಳಗಿನ ಕುರ್ಚಿಗೆ ಬಸ್ಸಿನ ಸೀಟಿಗೆ ಹಾಕಿದಂಗೆ ಕರ್ಚೀಫ್ ಹಾಕಿ ಟೀ ಕುಡಿಯೋಕೆ ಹೋಗ್ತಾರೆ. ಓದೋದು ತಾವೇ ತಂದ ಪುಸ್ತಕ. ಲೈಬ್ರರಿಯ ಕಪಾಟು ಯಾವ ದಿಕ್ಕಿಗಿದೆ ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. "ಇದು ಲೈಬ್ರರಿಯೋ, ಪುಕ್ಕಟೆ ಸ್ಟಡಿ ಸೆಂಟರೋ" ಅಂತ ಹಳಬರ ಗೊಣಗಾಟ. ನಾನಂತೂ ಆ ಹುಡುಗರ ಪಕ್ಷ. ಹತ್ತಡಿ ರೂಮಿನಲ್ಲಿ ನಾಲ್ಕು ಜನ ಇರೋ ಹುಡುಗಿಗೆ ಗದ್ದಲ ಇಲ್ಲದ ಒಂದು ಮೇಜು ಸಿಗೋದು ಸಣ್ಣ ಮಾತಲ್ಲ. ಆ 6 ರೂಪಾಯಿಯಲ್ಲಿ ಅವಳ ಕುರ್ಚಿಯದ್ದೂ ಸೇರಿದೆ ಅಂದ್ಕೋ.

ಹೊಸ ಸುದ್ದಿ ಅಂದ್ರೆ ಭಾನುವಾರದ್ದು. ಮಕ್ಕಳ ಮೂಲೆಯಲ್ಲಿ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ಇಟ್ಟಿದ್ದಾರೆ, ಮುಚ್ಚಳಕ್ಕೆ ಸೀಳು ಕೊಯ್ದು. ವಾರವಿಡೀ ಮಕ್ಕಳು ಪ್ರಶ್ನೆ ಬರೆದು ಹಾಕಬೇಕು. ಭಾನುವಾರ ಡಬ್ಬಿ ತೆಗೆದು, ಒಂದು ಪ್ರಶ್ನೆ ಎತ್ತಿ, ಅದಕ್ಕೆ ಉತ್ತರವನ್ನ ಮೊದಲು ಇಲ್ಲಿಯ ಪುಸ್ತಕಗಳಲ್ಲೇ ಹುಡುಕಬೇಕು. ಮೊಬೈಲ್ ಮುಟ್ಟಂಗಿಲ್ಲ. ಪುಸ್ತಕದಲ್ಲಿ ಸಿಗದಿದ್ರೆ ಆ ವಿಷಯ ಗೊತ್ತಿರೋ ಮನುಷ್ಯರನ್ನ ಹಿಡಿದು ತರಬೇಕು. ಇಷ್ಟೇ ನಿಯಮ. ಪರೀಕ್ಷೆಗೆ ಓದೋ ಹುಡುಗರಲ್ಲಿ ಸರದಿ ಮೇಲೆ ಇಬ್ಬರು ಮಕ್ಕಳ ಜೊತೆ ಕೂರ್ತಾರೆ. ಆ ಹುಡುಗರನ್ನ ಲೈಬ್ರೇರಿಯನ್ ಹೆಂಗೆ ಒಪ್ಪಿಸಿದ್ರೋ ಕಾಣೆ, ಫ್ಯಾನ್ ಕೆಳಗಿನ ಕುರ್ಚಿಯ ಆಸೆ ತೋರಿಸಿರಬೇಕು ಅಂತ ನನ್ನ ಗುಮಾನಿ.

ಪ್ರಶ್ನೆಗಳೋ, ನಗಬೇಕೋ ಕೈಮುಗೀಬೇಕೋ ಗೊತ್ತಾಗಲ್ಲ. "ಗೂಡ್ಸ್ ರೈಲಿಗೆ ಒಟ್ಟು ಎಷ್ಟು ಚಕ್ರ?" ಪಾಪ, ರೈಲ್ವೆ ಗೇಟಿನಲ್ಲಿ ನಿಂತು ನಿಂತು ಎಣಿಸೋಕೆ ನೋಡಿರಬೇಕು. "ಹರಿಹರದ ದೇವರು ಅರ್ಧ ಶಿವ, ಅರ್ಧ ವಿಷ್ಣು ಆದ್ರೆ ಬಿಲ್ವಪತ್ರೆ ಏರಿಸಬೇಕೋ ತುಳಸಿಯೋ?" ಇದಕ್ಕೆ ಉತ್ತರ ಸಿಗಲಿಲ್ಲ. ಹುಡುಕೋ ಹೊತ್ತಿಗೆ ಆ ಗುಡಿಯನ್ನ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಅಂತ ಮಾತ್ರ ಸಿಕ್ತು. ಸಿಕ್ಕಿದ್ದು ಎಲ್ಲಿ ಗೊತ್ತಾ? 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರಿನಲ್ಲಿ. ಇಂಗ್ಲಿಷಿನದ್ದು, ಇಟ್ಟಿಗೆ ಗಾತ್ರದ್ದು. ಪಿಡಿಒ ಪರೀಕ್ಷೆಗೆ ಓದೋ ಹುಡುಗ ಕನ್ನಡದಲ್ಲಿ ಹೇಳ್ತಾ ಹೋದ, ಮಕ್ಕಳು ಬಾಯಿ ಬಿಟ್ಟು ಕೇಳಿದವು. ಅಷ್ಟರಲ್ಲಿ ಒಬ್ಬಳು, "ಸಾರ್, ಹರಿಹರ ನಮ್ಮ ಜಿಲ್ಲೆ ಅಲ್ವಾ? ದುರ್ಗದ ಬುಕ್ಕಿನಾಗೆ ಯಾಕೈತೆ?" ಅಂದ್ಲು. ಆ ಹುಡುಗನಿಗೂ ಥಟ್ಟನೆ ಹೊಳೀಲಿಲ್ಲ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ಅವನಿನ್ನೂ ಹುಟ್ಟೇ ಇರಲಿಲ್ಲ! ಆಮೇಲೆ ಅದೇ ಒಂದು ಆಟ ಆಯ್ತು: ಕಪಾಟಿನಿಂದ ಹಳೇ ಪುಸ್ತಕ ಎಳೆದು, ಒಳಗೆ ಹೊಡೆದಿರೋ ನೇರಳೆ ಬಣ್ಣದ ಸೀಲಿನಲ್ಲಿ ‘ಚಿತ್ರದುರ್ಗ ಜಿಲ್ಲೆ’ ಅಂತ ಇರೋದನ್ನ ಹುಡುಕೋದು. ನಾವಿಬ್ಬರೂ ಹೈಸ್ಕೂಲು ಮುಗಿಸೋ ತನಕ ದುರ್ಗದ ಜಿಲ್ಲೆಯವರೇ ಆಗಿದ್ವಿ ಅಂದ್ರೆ ಆ ಮಕ್ಕಳು ನಂಬಲ್ಲ.

ಎಲ್ಲಕ್ಕಿಂತ ರಂಗೇರಿದ್ದು ಮಂಡಕ್ಕಿ ಪ್ರಶ್ನೆ. "ಅಕ್ಕಿ ಹುರಿದ್ರೆ ಕರಕಲಾಗ್ತದೆ, ಮಂಡಕ್ಕಿ ಮಾತ್ರ ಯಾಕೆ ಉಬ್ತದೆ?" ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶ ಇಳಿಸಿದ್ರು. ಹದಿನಾಲ್ಕು ಸಂಪುಟದಲ್ಲಿ ನಮ್ಮ ಶಾಖೆಯಲ್ಲಿ ಇರೋದು ಕೆಲವೇ, ಬೇಕಾದ್ದು ಇರಲಿಲ್ಲ. ವಿಜ್ಞಾನದ ಕಪಾಟಿನಲ್ಲೂ ಸಿಗಲಿಲ್ಲ. ಮುಂದಿನ ಭಾನುವಾರ ಒಬ್ಬ ಹುಡುಗ ಎದ್ದ. ಮಂಡಕ್ಕಿ ಭಟ್ಟಿ ಕಡೆಯವನು, ಅಪ್ಪ, ಚಿಕ್ಕಪ್ಪ ಎಲ್ಲ ಅದೇ ಕೆಲಸ. ಅಲ್ಲೀವರೆಗೆ ಅವನು ಬಾಯಿ ಬಿಟ್ಟಿದ್ದೇ ನಾನು ನೋಡಿರಲಿಲ್ಲ. ಶುರು ಹಚ್ಚಿದ ನೋಡು. ಭತ್ತ ನೆನೆ ಹಾಕಿ, ಕುದಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಬೇಕು. ಆ ಅಕ್ಕಿಗೆ ಉಪ್ಪುನೀರು ಕಲಸಿ ಆರಿಸಬೇಕು. ತೇವ ಪೂರ್ತಿ ಹೋಗಂಗಿಲ್ಲ, ಜಾಸ್ತಿ ಉಳಿಯಂಗೂ ಇಲ್ಲ. ಆಮೇಲೆ ಬಾಣಲೆಯಲ್ಲಿ ಮರಳು ಕಾಯಿಸಿ ಅಕ್ಕಿ ಹಾಕಿ ಕೈಯಾಡಿಸಿದ್ರೆ ಚಿಟಿಕೆ ಹೊಡೆಯೋದರಲ್ಲಿ ಅರಳ್ತದೆ, ಆ ಕ್ಷಣಕ್ಕೇ ಜರಡಿಗೆ ಸುರೀಬೇಕು. "ಮರಳು ಕಾದೈತೋ ಇಲ್ವೋ ಹೆಂಗೆ ಗೊತ್ತಾಗ್ತದೆ?" ಅಂದ್ರೆ, "ನಾಕು ಕಾಳು ಎಸೀಬೇಕು, ಸಪ್ಪಳ ಕೇಳಬೇಕು" ಅಂದ. ಅಕ್ಕಿಯ ಒಳಗಿನ ತೇವ ಒಮ್ಮೆಗೇ ಆವಿಯಾಗಿ ಹಿಗ್ಗೋದು, ಮೊದಲೇ ಬೆಂದು ಮೆತ್ತಗಾದ ಪಿಷ್ಟ ಅದರ ಜೊತೆ ಉಬ್ಬಿ ಹಂಗೇ ಗಟ್ಟಿಯಾಗೋದು, ಇದನ್ನ ಬಿಎಸ್ಸಿ ಓದಿದ ಹುಡುಗಿ ಕೊನೆಗೆ ಸೇರಿಸಿದ್ಲು. ಆದರೆ ಅವತ್ತು ಚಪ್ಪಾಳೆ ಬಿದ್ದಿದ್ದು ಭಟ್ಟಿ ಹುಡುಗನಿಗೆ. ಅವನು ಹೇಳಿದ್ದನ್ನ ಮಕ್ಕಳೇ ನೋಟ್‌ಬುಕ್ಕಿನಲ್ಲಿ ಬರೆದು, ಚಿತ್ರ ಹಾಕಿ, ಹೊಲಿದು, ಕಪಾಟಿನಲ್ಲಿ ಇಟ್ಟಿದ್ದಾರೆ. ಅವತ್ತು ಬಿಸ್ಕೀಟಿನ ಬದಲು ಮಂಡಕ್ಕಿ ಹಂಚಿದ್ರು, ಮಿರ್ಚಿ ಬೇಡ ಅಂತ ಲೈಬ್ರೇರಿಯನ್ ಖಡಕ್ ಆಗಿ ಹೇಳಿದ್ರು. ಎಣ್ಣೆ ಕೈಲಿ ಪುಸ್ತಕ ಮುಟ್ತಾರೆ ಅಂತ.

ಇನ್ನೊಂದು ಆಟ ಪುಸ್ತಕ ಜೋಡಿಸೋದು. ಬೆನ್ನಿನ ಮೇಲೆ ವಿಷಯದ ನಂಬರಿನ ಚೀಟಿ ಅಂಟಿಸಿರ್ತಾರಲ್ಲ, ಕನ್ನಡ ಸಾಹಿತ್ಯ ಅಂದ್ರೆ 894.814, ಹಿಂದಿ 891.43, ಉರ್ದು 891.439, ಮರಾಠಿ 891.46. ಮಕ್ಕಳು ಮರಾಠಿ ಮೊದಲಿಟ್ಟು ಉರ್ದು ಆಮೇಲೆ ಇಡ್ತಿದ್ವು. 46ಕ್ಕಿಂತ 439 ದೊಡ್ಡದಲ್ವಾ ಅಂತ! ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದು, 891ರಿಂದ 892ರ ತನಕ ಹತ್ತು ಭಾಗ ಮಾಡಿ, ಅದರಲ್ಲಿ ಮತ್ತೆ ಹತ್ತು ಮಾಡಿ, ಪುಸ್ತಕಗಳನ್ನೇ ಗೆರೆ ಮೇಲೆ ನಿಲ್ಲಿಸಿದ್ಲು. ದಶಮಾಂಶ ಅರ್ಥ ಆಗೋಕೆ ಅಷ್ಟು ಸಾಕಾಯ್ತು. ಗೋಡೆ ಮೇಲೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೊ ಇದೆ, ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಹಾಕಿದ ಹಾರ ಇನ್ನೂ ಒಣಗಿಕೊಂಡು ನೇತಾಡ್ತಿದೆ. ಅವರೂ ಲೈಬ್ರರಿಗೆ ಬರೋ ಮೊದಲು ಮದ್ರಾಸಿನಲ್ಲಿ ಗಣಿತದ ಮೇಷ್ಟ್ರೇ.

ಹಳ್ಳಿ ಕಡೆಯೂ ಬದಲಾಗಿದೆ. ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ಅರಿವು ಕೇಂದ್ರ ಆಗಿವೆ. ಜಗಳೂರು ಕಡೆ ನಮ್ಮ ಮನೆಯವಳ ತವರಿನಲ್ಲಿ ಸಂಜೆ ಹೋದ್ರೆ ಚೆಸ್ ಬೋರ್ಡಿಗೆ ಪಾಳಿ ಹಚ್ಚಿರ್ತಾರೆ. ಅದರದ್ದೇ ಒಂದು ದೊಡ್ಡ ಕತೆ, ಸಿಕ್ಕಾಗ ಹೇಳ್ತೀನಿ.

ಈಗ ಅಪ್ಪಾಜಿ ಪುಸ್ತಕದ ವಿಷಯ. ಗುಜರಿಗೆ ಹಾಕಬೇಡ. ಹಂಗಂತ ಆಟೋದಲ್ಲಿ ಮೂಟೆ ತುಂಬಿ ಲೈಬ್ರರಿ ಮುಂದೆ ಇಳಿಸಲೂಬೇಡ. ಒಂದು ಪುಸ್ತಕ ಅಕ್ಸೆಷನ್ ರಿಜಿಸ್ಟರಿಗೆ, ಅಂದ್ರೆ ಲೈಬ್ರರಿಗೆ ಬಂದ ಪುಸ್ತಕಗಳ ದಾಖಲೆಗೆ, ಏರಿ ನಂಬರ್ ಬಿತ್ತು ಅಂದ್ರೆ ಅದು ಸರ್ಕಾರದ ಆಸ್ತಿ. ಆಮೇಲೆ ಅದು ಹರಿದು ಚಿಂದಿಯಾದ್ರೂ ಸುಮ್ಮನೆ ಬಿಸಾಡೋಕಾಗಲ್ಲ, ರದ್ದು ಮಾಡೋಕೂ ಕಾಗದ ಪತ್ರ ಓಡಾಡಬೇಕು. ಅದಕ್ಕೇ ಲೈಬ್ರೇರಿಯನ್ನುಗಳು ದಾನ ಅಂದ ಕೂಡಲೇ ಒಂದು ಹೆಜ್ಜೆ ಹಿಂದೆ ಇಡ್ತಾರೆ. "ಕೊಡೋರು ಪುಸ್ತಕ ಕೊಡ್ತಿದ್ದಾರೋ, ಮನೆ ಕ್ಲೀನ್ ಮಾಡ್ಕೊಳ್ತಿದ್ದಾರೋ ಮೂಟೆ ನೋಡಿದ್ರೇ ಗೊತ್ತಾಗ್ತದೆ" ಅಂದ್ರು ನಮ್ಮ ಲೈಬ್ರೇರಿಯನ್. ಪ್ರತಿ ಪುಸ್ತಕಕ್ಕೂ ಅದರ ಓದುಗ ಇರಬೇಕು ಅನ್ನೋದು ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಒಂದು. ನಿನ್ನ ಡಿಪ್ಲೊಮಾ ಗೈಡುಗಳಿಗೆ ಯಾವ ಓದುಗ ಬರ್ತಾನೆ ಹೇಳು.

ಹಂಗಾಗಿ ಆರಿಸು. ಚಂದಮಾಮ, ಕಸ್ತೂರಿ ಬೈಂಡ್ ಮಾಡಿಸಿಟ್ಟಿದ್ರಲ್ಲ, ಅವು ಮೊದಲು ಬರಲಿ, ಮಕ್ಕಳು ಕಿತ್ತು ತಿಂದುಬಿಡ್ತವೆ. 1992ರಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಅಪ್ಪಾಜಿ ಮಳಿಗೆ ಮಳಿಗೆ ಸುತ್ತಿ ಕೊಂಡಿದ್ದ ಪುಸ್ತಕಗಳೂ ಬರಲಿ. ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷ ಭಾಷಣ ಕೇಳೋಣ ಅಂತ ನಮ್ಮನ್ನ ಕರಕೊಂಡು ಹೋಗಿ, ಕೊನೆಗೆ ಚೀಲ ಹೊರೋಕೆ ಹಚ್ಚಿದ್ರು, ನೆನಪಿದೆಯಾ? ಒಳ್ಳೇ ಸ್ಥಿತಿಯಲ್ಲಿರೋ ಕಾದಂಬರಿ, ಜೀವನ ಚರಿತ್ರೆ, ಪ್ರವಾಸ ಕಥನ, ಎಲ್ಲ ಸರಿ. ಗೆದ್ದಲು ಮುಟ್ಟಿದ್ದು ಒಂದೂ ಬೇಡ, ಅದೊಂದು ಬಂದ್ರೆ ಇಡೀ ಕಪಾಟು ಹಾಳು. ಮೊದಲು ಒಂದು ಪಟ್ಟಿ ಬರೆದು ಕಳಿಸು, ಇಲ್ಲಿ ತೋರಿಸಿ ಯಾವುದು ಬೇಕು ಅಂತ ಟಿಕ್ ಹಾಕಿಸ್ತೀನಿ.

ಆದರೆ ನನಗೆ ಬೇಕಿರೋದು ಪುಸ್ತಕಕ್ಕಿಂತ ನೀನು. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಎಲ್ಲ ಕಡೆ ಆಗೋದು ಗೊತ್ತಲ್ಲ, ದೀಪ ಹಚ್ಚೋದು, ಶಾಲು, ಮೂರು ಭಾಷಣ, ಓದಿನ ಮಹತ್ವದ ಮೇಲೆ. ಈ ಸಲ ಅದನ್ನ ಅರ್ಧ ಗಂಟೆಗೆ ಮುಗಿಸಿ, ಉಳಿದ ದಿನಗಳಲ್ಲಿ ಡಬ್ಬಿಯಲ್ಲಿ ಉಳಿದಿರೋ ಪ್ರಶ್ನೆಗಳಿಗೆ ಗೊತ್ತಿರೋರನ್ನೇ ಕರೆಸೋದು ಅಂತ ಆಗಿದೆ. ಒಂದು ಚೀಟಿಯಲ್ಲಿ ಹಿಂಗಿದೆ: "ಬೋರ್ ಹಾಕಿಸೋಕೆ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತಾರೆ. ನೀರಿರೋ ಕಡೆ ಕಾಯಿ ಎದ್ದು ನಿಲ್ತದೆ. ನಿಜಾನಾ?"

ಇಷ್ಟು ವರ್ಷ ಅಂತರ್ಜಲದ ಕೆಲಸ ಮಾಡಿದ ಭೂವಿಜ್ಞಾನಿ ನನ್ನ ದೋಸ್ತ ಇರುವಾಗ ಬೇರೆ ಯಾರನ್ನ ಕರೀಲಿ? ನೆಲದೊಳಗೆ ಕರೆಂಟ್ ಬಿಟ್ಟು, ಅದಕ್ಕೆ ನೆಲ ಎಷ್ಟು ಅಡ್ಡಿ ಮಾಡ್ತದೆ ಅಂತ ರೆಸಿಸ್ಟಿವಿಟಿ ಅಳೆಯೋದು, ನಮ್ಮ ಕಡೆ ಗಟ್ಟಿ ಬಂಡೆಯ ಬಿರುಕಿನಲ್ಲೇ ನೀರು ಕೂತಿರೋದು, ಒಂದೇ ಹೊಲದಲ್ಲಿ ಇಲ್ಲಿ ಬಿದ್ದು ಅಲ್ಲಿ ಬೀಳದಿರೋಕೆ ಅದೇ ಕಾರಣ ಅನ್ನೋದು, ಎಲ್ಲ ಹೇಳು. ಹಿಂದೊಂದು ಸಲ ನೀನೇ ಅಂದಿದ್ದೆಯಲ್ಲ, ನೀರು ಬಿದ್ರೆ ಕಾಯಿಗೆ ಹೆಸರು, ಬೀಳದಿದ್ರೆ ರೈತನ ಹಣೆಬರಹಕ್ಕೆ ಅಂತ, ಅದನ್ನಂತೂ ಬಿಡಬೇಡ. ಆದರೆ ಮೂಢನಂಬಿಕೆ ಅಂತ ಮೊದಲ ಮಾತಿಗೇ ಬೈಯಬೇಡ ಮತ್ತೆ. ಚೀಟಿ ಬರೆದ ಹುಡುಗನ ತಾತ ಕಾಯಿ ಹಿಡಿಯೋರು, ಅವರೂ ಮೊಮ್ಮಗನ ಜೊತೆ ಬರ್ತಾರಂತೆ.

ಕರಪತ್ರ ಅಚ್ಚಿಗೆ ಕೊಡಬೇಕು, ಈ ತಿಂಗಳೊಳಗೆ ದಿನ ಹೇಳು. ಸೋಮವಾರ ಬಿಟ್ಟು ಯಾವತ್ತಾದ್ರೂ ಸರಿ, ಸಂಜೆ ಐದಕ್ಕೆ. ಒಂದು ಗಂಟೆಗಿಂತ ಜಾಸ್ತಿ ಮಾತಾಡಿದ್ರೆ ಮೈಕ್ ಕಿತ್ಕೊಳ್ತೀನಿ. ಮೈಕೂ ಇಲ್ಲ ಅನ್ನು. ಮತ್ತೆ ಬರುವಾಗ ಜುಟ್ಟಿರೋ ತೆಂಗಿನಕಾಯಿ ನಾಲ್ಕೈದು ತಗೊಂಡು ಬಾ. ಎಲ್ಲ ಮಕ್ಕಳೂ ಒಂದೊಂದು ಸಲ ಅಂಗೈ ಮೇಲೆ ಇಟ್ಟು ನೋಡದೆ ನಿನ್ನನ್ನ ಬಿಡೋದಿಲ್ಲ.

ಇಂತಿ ನಿನ್ನ,
ದಾವಣಗೆರೆಯ ದೋಸ್ತ